ಕುಂಬಾರಗೇರಿ ಎಲ್ಲಿದೆ?

ಕೇಂದ್ರ ಸರ್ಕಾರದ ಗುಮಾಸ್ತನ ಬಾಳಿನಲ್ಲಿ ಎಲ್.ಟಿ.ಸಿ. ಎಂಬುದು ಒಂದು ಸಣ್ಣ ಹಬ್ಬ. ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಿಬರಬಹುದು. ಬೇಡವೆಂದರೆ ಒಂದು ಸಲ ಊರಿಗೆ, ಇನ್ನೊಂದು ಸಲ ಭಾರತದ ಯಾವ ಮೂಲೆಗಾದರೂ ಹೆಂಡತಿ ಮಕ್ಕಳೊಡನೆ ಹೋಗಿಬರಬಹುದು. ಪ್ರಯಾಣದ ಖರ್ಚು ಸರ್ಕಾರದ್ದು. ಈ 'ಯಾವ ಮೂಲೆಗಾದರೂ' ಎಂಬ ಸರದಿ ಬಂತೆಂದರೆ ನಮ್ಮ ವಿಭಾಗದಲ್ಲಿ ಎಲ್ಲರೂ ಸಲಹೆಗಾರರೇ. ಒಬ್ಬರು ಪುರಿ ಎಂದರೆ ಇನ್ನೊಬ್ಬರು ಕನ್ಯಾಕುಮಾರಿ ಎನ್ನುತ್ತಾರೆ. ನಾನು ರಾಜಸ್ಥಾನದ ಮೊಲೇಲಾಕ್ಕೆ ಹೊರಟಾಗ ಪಕ್ಕದ ಮೇಜಿನ ಮಿತ್ರರು, "ಅಲ್ಲಿ ಯಾವ ದೇವಸ್ಥಾನವಿದೆ?" ಎಂದು ಕೇಳಿದರು. "ದೇವಸ್ಥಾನಕ್ಕಲ್ಲ ಸ್ವಾಮಿ, ದೇವರನ್ನು ಮಾಡುವ ಕುಂಬಾರರನ್ನು ನೋಡಲಿಕ್ಕೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ, ರಜೆಯ ಅರ್ಜಿಯನ್ನೊಮ್ಮೆ ನೋಡಿ ಸುಮ್ಮನಾದರು.

ನನ್ನ ಅಡ್ಡಹೆಸರು ಕುಂಬಾರ. ದಿಲ್ಲಿಯ ಕನ್ನಡ ಕೂಟಗಳಲ್ಲಿ ಹೊಸಬರ ಪರಿಚಯವಾದಾಗ, "ಜ್ಞಾನಪೀಠದ ಕಂಬಾರರು ನಿಮಗೆ ಏನಾಗಬೇಕು?" ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. "ಅವರ ಹೆಸರಿನಲ್ಲಿರುವುದು ಕಬ್ಬಿಣ, ನಮ್ಮದು ಮಣ್ಣು" ಎಂದು ಹೇಳಿ ನಗುತ್ತೇನೆ. ಅವರೂ ನಗುತ್ತಾರೆ. ಆಮೇಲೆ ಮಾತು ಸಾಮಾನ್ಯವಾಗಿ ಹವಾಮಾನದ ಕಡೆಗೆ ತಿರುಗುತ್ತದೆ.

ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಹಳ್ಳಿ ನಮ್ಮದು. ಅಪ್ಪ ತಿಗರಿ ತಿರುಗಿಸಿ ನಮ್ಮನ್ನು ಸಾಕಿದವರು. ನಾನು ಹೈಸ್ಕೂಲು ಮುಟ್ಟುವ ಹೊತ್ತಿಗೆ ಊರಿನ ಅಡುಗೆಮನೆಗಳಲ್ಲಿ ಅಲ್ಯೂಮಿನಿಯಮ್ಮು, ಸ್ಟೀಲು ಬಂದು ಕೂತಿದ್ದವು. ನೀರಿಗೆ ಪ್ಲಾಸ್ಟಿಕ್ಕಿನ ಕೊಡ. ಅಪ್ಪ ಸುಲಭಕ್ಕೆ ಬಿಡಲಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಅಲ್ಲಿಗೆ ಹೋಗಿ ಹೊಳಪು ಕೊಡುವ ವಿದ್ಯೆಯನ್ನೂ ಕಲಿತು ಬಂದರು. ಆದರೆ ಹೊಳಪು ಹಿಡಿಸಬೇಕಾದರೆ ಬೇರೆ ಭಟ್ಟಿ ಬೇಕು, ಭಟ್ಟಿಗೆ ದುಡ್ಡು ಬೇಕು. ಕಡೆಗೊಂದು ದಿನ ತಿಗರಿಯನ್ನು ಹಿತ್ತಲ ಗೋಡೆಗೆ ಆನಿಸಿ ನಿಲ್ಲಿಸಿದರು. "ಮಣ್ಣೂ ಅದ ಐತಿ, ಕೈನೂ ಅದ ಐತಿ. ಕೊಳ್ಳಾವ್ರ ಇಲ್ಲ ತಮ್ಮಾ. ಕೊಳ್ಳಾವ್ರಿಲ್ಲದ ಕಸಬು ಮಕ್ಕಳಿಗೆ ಕೊಡಬಾರ್ದು. ನೀ ಓದು" ಎಂದರು. ಓದಿದೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಕಟ್ಟಿ, ದಿಲ್ಲಿಯಲ್ಲಿ ಗುಮಾಸ್ತನಾದೆ.

ಆ ಬಿ.ಎಸ್‌ಸಿ. ನನಗೆ ಕಚೇರಿಯ ಫೈಲುಗಳಲ್ಲಿ ಎಷ್ಟು ಉಪಯೋಗಕ್ಕೆ ಬಂದಿದೆ ಎಂದು ಕೇಳಬೇಡಿ. ಅಪ್ಪನ ಆವಿಗೆಯನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಬಂತು. ಜೇಡಿಮಣ್ಣನ್ನು ಐದುನೂರು ಆರುನೂರು ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಸಿದಾಗ ಅದರ ಕಣಗಳೊಳಗೆ ರಾಸಾಯನಿಕವಾಗಿ ಬೆರೆತಿರುವ ನೀರಿನಂಶ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಅದು ಎಷ್ಟು ನೀರು ಕುಡಿದರೂ ಮತ್ತೆ ಕೆಸರಾಗದು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 573 ಡಿಗ್ರಿಯಲ್ಲಿ, ಮಣ್ಣಿನೊಳಗಿನ ಉಸುಕಿನ ಹರಳು ಥಟ್ಟನೆ ಹಿಗ್ಗುತ್ತದೆ. ಉರಿ ಅವಸರವಾದರೆ ಮಡಕೆ ಸೀಳುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಪುಸ್ತಕದಿಂದ ಓದಿದೆ. ಅಪ್ಪ ಆವಿಗೆಯ ಸಂದಿನಲ್ಲಿ ಬೆಂಕಿಯ ಬಣ್ಣ ನೋಡಿ, "ಈಗ ಅವಸರ ಮಾಡಬ್ಯಾಡ್ರಿ" ಎಂದು ಅವ್ವನಿಗೆ ಹೇಳುತ್ತಿದ್ದುದನ್ನು ಅದಕ್ಕೂ ಹತ್ತು ವರ್ಷ ಮೊದಲೇ ಕೇಳಿದ್ದೆ. ಗಾಳಿ ಆಡಿದರೆ ಮಣ್ಣಿನ ಕಬ್ಬಿಣದಂಶ ಕೆಂಪಾಗುವುದು, ಗಾಳಿ ಕಟ್ಟಿ ಹೊಗೆಯಾಡಿಸಿದರೆ ಮಡಕೆ ಕಪ್ಪಾಗುವುದು ಕೂಡ ಅವರಿಗೆ ಗೊತ್ತಿದ್ದ ವಿಷಯವೇ.

2019ರ ಏಪ್ರಿಲ್‌ನಲ್ಲಿ ಅಪ್ಪ ಮೊದಲ ಸಲ ದಿಲ್ಲಿಗೆ ಬಂದರು. ಊರಿನಿಂದ ಬಂದ ಹಿರಿಯರ ಪಾಡು ಹೊರನಾಡಿನಲ್ಲಿರುವ ನಮಗೆಲ್ಲ ತಿಳಿದದ್ದೇ. ಮೊದಲೆರಡು ದಿನ ಮೊಮ್ಮಕ್ಕಳ ಸಂಭ್ರಮ. ಮೂರನೆಯ ದಿನ ಕೆಂಪು ಕೋಟೆ, ಕುತುಬ್ ಮಿನಾರು. ನಾಲ್ಕನೆಯ ದಿನದಿಂದ ಬಾಲ್ಕನಿಯ ಕುರ್ಚಿ. ನಾನು ಕಚೇರಿಗೆ, ಮಕ್ಕಳು ಶಾಲೆಗೆ, ಟಿ.ವಿ.ಯಲ್ಲಿಯೂ ಹಿಂದಿ, ಕೆಳಗಿನ ಅಂಗಳದಲ್ಲಿಯೂ ಹಿಂದಿ. ಅಪ್ಪ ಸ್ಟೇಷನ್ನಿನಲ್ಲಿ ಯಾರೋ ಬಿಟ್ಟುಹೋದ ಪೆಟ್ಟಿಗೆಯ ಹಾಗೆ ಕೂತಿರುತ್ತಿದ್ದರು. ವಾರ ತುಂಬುವುದರೊಳಗೆ, "ವಾಪಸ್ ಟಿಕೀಟು ಯಾವತ್ತಿಂದು?" ಎಂದು ಎರಡು ಸಲ ಕೇಳಿದರು.

ನಮ್ಮ ಕ್ವಾರ್ಟರ್ಸಿನ ಹತ್ತಿರದ ಫ್ಲೈಓವರಿನ ಕೆಳಗೆ ಬೇಸಿಗೆಯಲ್ಲಿ ಮಡಕೆ ಮಾರುವವನೊಬ್ಬ ಕೂರುತ್ತಾನೆ. ಇವನ್ನೆಲ್ಲ ಎಲ್ಲಿ ಮಾಡುತ್ತಾರೆಂದು ಅವನನ್ನು ಕೇಳಿದೆ. "ಉತ್ತಮ್ ನಗರದ ಪ್ರಜಾಪತಿ ಕಾಲೋನಿ" ಎಂದ. ಮರುದಿನ ಭಾನುವಾರ. ಅಪ್ಪನನ್ನು ಮೆಟ್ರೋ ಹತ್ತಿಸಿದೆ. ಎಲ್ಲಿಗೆಂದು ಹೇಳಿರಲಿಲ್ಲ.

ಪಶ್ಚಿಮ ದಿಲ್ಲಿಯ ಉತ್ತಮ್ ನಗರದಲ್ಲಿ ನೂರಾರು ಕುಂಬಾರ ಕುಟುಂಬಗಳಿವೆ. ಹರಿಯಾಣ, ರಾಜಸ್ಥಾನಗಳಿಂದ ವಲಸೆ ಬಂದು ನೆಲೆ ನಿಂತವರೇ ಹೆಚ್ಚು. ಗಲ್ಲಿಯ ಇಕ್ಕೆಲದಲ್ಲಿ ಹಣತೆ, ಮಡಕೆ, ಹೂಕುಂಡ. ಮಾಳಿಗೆಗಳ ಮೇಲೆ ಒಣಗಲು ಇಟ್ಟ ಹಸಿಮಡಕೆಗಳ ಸಾಲು. ಒಂದು ಮನೆಯ ಮುಂದೆ ಅಪ್ಪನ ವಾರಿಗೆಯ ಮುದುಕರೊಬ್ಬರು ಕೂತಿದ್ದರು. "ಇವರು ನನ್ನ ತಂದೆ, ಕರ್ನಾಟಕದ ಕುಮ್ಹಾರರು" ಎಂದೆ. ಅಷ್ಟೇ ಸಾಕಾಯಿತು. ಹಗ್ಗದ ಮಂಚ ಬಂತು, ಮಡಕೆಯ ನೀರು ಬಂತು. ಅಪ್ಪ ಮಂಚದ ಮೇಲೆ ಕೂರಲಿಲ್ಲ. ನೇರವಾಗಿ ಮಣ್ಣಿನ ಗುಡ್ಡೆಯ ಹತ್ತಿರ ಹೋಗಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದರು, ಹಲ್ಲಿನಲ್ಲಿ ಕಡಿದು ನೋಡಿದರು.

"ಉಸುಕು ಹೆಚ್ಚಾಗೇತಿ. ಹಿಂಗಾದ್ರ ಗಡಿಗಿ ಬಾಳಿಕಿ ಬರಂಗಿಲ್ಲ, ಹೇಳು ಅವ್ರಿಗೆ."

ಮೊದಲ ಭೇಟಿಯಲ್ಲೇ ಇದನ್ನು ಹೇಗೆ ಹೇಳುವುದೆಂದು ಹಿಂಜರಿಯುತ್ತಲೇ ಹಿಂದಿಯಲ್ಲಿ ಹೇಳಿದೆ. ಮುದುಕರು ಗಹಗಹಿಸಿ ನಕ್ಕರು. "ಸರಿಯಾಗೇ ಹೇಳಿದರು. ಆದರೆ ದಿಲ್ಲಿಯವರು ಮಡಕೆ ಕೊಳ್ಳುವುದು ತಣ್ಣೀರಿಗೆ. ಉಸುಕಿಲ್ಲದಿದ್ದರೆ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ತಂಪಾಗುವುದಿಲ್ಲ. ಒಂದು ಬೇಸಿಗೆ ಬಾಳಿದರೆ ಸಾಕು. ಮುಂದಿನ ಬೇಸಿಗೆಗೆ ಮತ್ತೆ ಕೊಳ್ಳುತ್ತಾರಲ್ಲ, ಅದರಿಂದಲೇ ನಮ್ಮ ಹೊಟ್ಟೆ ತುಂಬುವುದು" ಎಂದರು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಖರೇ ಐತಿ" ಎಂದರು. ನಮ್ಮೂರಿನ ಗಡಿಗೆಗಳು ಒಲೆಯ ಮೇಲೆ ಕೂರಬೇಕಾದವು, ಕಾಳು ತುಂಬಿಡಬೇಕಾದವು. ಅವುಗಳ ಲೆಕ್ಕವೇ ಬೇರೆ. ಅಲ್ಲಿಂದ ಮಾತು ಶುರುವಾಯಿತು ನೋಡಿ! ಅರ್ಧ ಗಂಟೆ ನಾನು ದುಭಾಷಿ. ಆಮೇಲೆ ಅವರಿಬ್ಬರಿಗೂ ನನ್ನ ಅಗತ್ಯ ಬೀಳಲಿಲ್ಲ. ಅವರ ಮಗ ವಿದ್ಯುತ್ ತಿಗರಿಯ ಮೇಲೆ ಕೆಲಸ ಮಾಡುತ್ತಿದ್ದ. "ಕೂಡ್ರುತ್ತೀರಾ?" ಎಂದು ಸನ್ನೆ ಮಾಡಿದಾಗ ಅಪ್ಪ ಒಲ್ಲೆನೆಂದರು. ಬದಲಿಗೆ ತಟ್ಟುವ ಹಲಗೆ ಕೈಗೆ ತೆಗೆದುಕೊಂಡು, ಅರೆ ಒಣಗಿದ ಮಡಕೆಯೊಂದರ ಒಳಗೆ ಕಲ್ಲು ಆನಿಸಿ ಹಿಡಿದು, ತಳವನ್ನು ತಟ್ಟತೊಡಗಿದರು. ಆ ಸದ್ದನ್ನು ನಾನು ಬಹಳ ವರ್ಷಗಳ ಮೇಲೆ ಕೇಳಿದೆ. ನನಗೆ ಗೊತ್ತಿದ್ದ ಸದ್ದೇ ಅದು; ಬೆಳಗಿನ ಜಾವ ನಮ್ಮನ್ನು ಎಬ್ಬಿಸುತ್ತಿದ್ದ ಸದ್ದು. ತಳ ತೆಳುವಾಗುತ್ತ ಉರುಟಾಗುತ್ತ ಬಂದಾಗ ಆ ಹುಡುಗ ತನ್ನ ತಿಗರಿ ನಿಲ್ಲಿಸಿ ನೋಡಿದ.

ವಾಪಸು ಬರುವಾಗ ಮೆಟ್ರೋದಲ್ಲಿ ಅಪ್ಪ ಮಾತಾಡಿದಷ್ಟು ಹಿಂದಿನ ಎಂಟು ದಿನಗಳಲ್ಲಿ ಮಾತಾಡಿರಲಿಲ್ಲ. ಖಾನಾಪುರದ ತರಬೇತಿಯ ಕಥೆಯನ್ನು ನಾನು ಪೂರ್ತಿ ಕೇಳಿದ್ದೂ ಅಂದೇ. ಮುಂದಿನ ಭಾನುವಾರ ಅವರೇ ನೆನಪಿಸಿದರು. ಟಿಕೀಟನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಬೇಕಾಯಿತು.

ಅಂದಿನಿಂದ ಎಲ್ಲಿಗೆ ಹೋದರೂ ಕುಂಬಾರಗೇರಿ ಹುಡುಕುವುದು ನನಗೆ ರೂಢಿಯಾಯಿತು. ಹೋದಲ್ಲಿಂದ ಒಂದು ಚಿಟಿಕೆ ಮಣ್ಣನ್ನು ಖಾಲಿ ಔಷಧಿ ಸೀಸೆಯಲ್ಲಿ ತುಂಬಿ ತರುತ್ತೇನೆ. ಊರಿಗೆ ಹೋದಾಗ ಅಪ್ಪನ ಕೈಗೆ ಕೊಡುತ್ತೇನೆ. ಅವರು ಹೊಸಕಿ ನೋಡಿ ತೀರ್ಪು ಕೊಡುತ್ತಾರೆ.

ಹುಡುಕುವುದು ಹೇಗೆಂದು ಕೇಳುವವರಿಗೆ ಒಂದೆರಡು ಮಾತು. ಹೋಟೆಲಿನಲ್ಲಾಗಲಿ ಟ್ಯಾಕ್ಸಿಯವನನ್ನಾಗಲಿ 'ಪಾಟರಿ' ಎಂದು ಕೇಳಿದರೆ ದೊಡ್ಡ ಅಂಗಡಿಯ ಮುಂದೆ ಇಳಿಸುತ್ತಾನೆ. ಮಣ್ಣಿನ ಲೋಟದಲ್ಲಿ ಚಹಾ ಕೊಡುವವನನ್ನು ಕೇಳಿ, ರಸ್ತೆಬದಿ ಮಡಕೆ ಮಾರುವವಳನ್ನು ಕೇಳಿ. ಮಾಲು ಎಲ್ಲಿಂದ ಬರುತ್ತದೆಂಬುದು ಅವರಿಗೆ ಗೊತ್ತು. ಮಾತಿನ ತೊಡಕೂ ಹೆಚ್ಚಿಲ್ಲ. ಸಂಸ್ಕೃತದ ಕುಂಭಕಾರ ನಮ್ಮಲ್ಲಿ ಕುಂಬಾರ, ಮರಾಠಿ ಗುಜರಾತಿಗಳಲ್ಲಿ ಕುಂಭಾರ, ಹಿಂದಿಯಲ್ಲಿ ಕುಮ್ಹಾರ, ತೆಲುಗಿನಲ್ಲಿ ಕುಮ್ಮರಿ. ಕಲ್ಕತ್ತೆಯಲ್ಲಿ ದುರ್ಗೆಯ ಮೂರ್ತಿ ಮಾಡುವ ಕೇರಿಯ ಹೆಸರು ಕುಮಾರಟುಲಿ. ತಮಿಳುನಾಡಿನಲ್ಲಿ ಮಾತ್ರ ಕುಯವರ್ ಎಂದು ಕೇಳಬೇಕು. ಆದರೆ ಬರೀ ಹೆಸರನ್ನು ನಂಬಬೇಡಿ. ದಕ್ಷಿಣ ಮುಂಬಯಿಯಲ್ಲೂ ಕುಂಭಾರವಾಡವೆಂಬ ಬಡಾವಣೆಯಿದೆ. ತಿಗರಿ ತಿರುಗುವ ಕುಂಭಾರವಾಡ ಇರುವುದು ಧಾರಾವಿಯ 90 ಅಡಿ ರಸ್ತೆಯ ಪಕ್ಕ. ಸೌರಾಷ್ಟ್ರ ಮೂಲದ ಆ ಕುಂಬಾರರು 1930ರ ದಶಕದಲ್ಲಿ ಅಲ್ಲಿಗೆ ಬಂದವರು. ಮನೆಗಳ ನಡುವಿನ ಇಕ್ಕಟ್ಟಿನಲ್ಲೇ ಭಟ್ಟಿಗಳಿವೆ. ಗಿರಣಿಯ ಹತ್ತಿಚಿಂದಿಯೂ ಅಲ್ಲಿ ಉರುವಲಾಗುತ್ತದೆ. ಇಪ್ಪತ್ತು ವರ್ಷದಿಂದ ಮುಂಬಯಿಯಲ್ಲಿರುವ ನನ್ನ ಭಾವಮೈದುನ ಅದನ್ನು ಮೊದಲು ನೋಡಿದ್ದು ನನ್ನ ಜೊತೆಯಲ್ಲಿ.

ದಿಲ್ಲಿಯವರಿಗೆ ಒಂದು ದಿನದಲ್ಲಿ ಹೋಗಿಬರಬಹುದಾದದ್ದು ಉತ್ತರ ಪ್ರದೇಶದ ಖುರ್ಜಾ. ಅಲೀಗಢದ ಕಡೆಗೆ ಹೋಗುವ ರೈಲಿನಲ್ಲಿ ಖುರ್ಜಾ ಜಂಕ್ಷನ್ನಿನಲ್ಲಿ ಇಳಿಯಬೇಕು. ನಿಮ್ಮ ಮನೆಯ ಉಪ್ಪಿನಕಾಯಿ ಜಾಡಿ, ಚಹಾದ ಕಪ್ಪು ಅಲ್ಲಿಯವೇ ಇದ್ದಾವು. ಮೊದಲನೆಯ ಕಾರ್ಖಾನೆಯ ಗೇಟಿನವನು ನಮ್ಮನ್ನು ಒಳಗೆ ಬಿಡಲಿಲ್ಲ. ಎರಡನೆಯದರ ಯಜಮಾನರು ತಾವೇ ನಿಂತು ತೋರಿಸಿದರು. ಅಲ್ಲಿ ತಿಗರಿಗಿಂತ ಅಚ್ಚಿನ ಕೆಲಸವೇ ಹೆಚ್ಚು. ದೋಸೆಹಿಟ್ಟಿನಂತೆ ಕಲಸಿದ ಮಣ್ಣನ್ನು ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರು ಹೀರಿಕೊಂಡು ಒಳಮೈಗೆ ಒಂದು ಪದರ ಕಟ್ಟಿದೊಡನೆ ಉಳಿದದ್ದನ್ನು ಬಗ್ಗಿಸಿಬಿಡುತ್ತಾರೆ. ಖುರ್ಜಾದ ಮಣ್ಣು ಖುರ್ಜಾದ್ದಲ್ಲ. ಬಿಳಿಮಣ್ಣು, ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ರಾಜಸ್ಥಾನ, ಗುಜರಾತುಗಳಿಂದ ಲಾರಿಯಲ್ಲಿ ಬರುತ್ತವೆ. ಸಾವಿರದಿನ್ನೂರು ಡಿಗ್ರಿಯ ಸುಮಾರಿನ ಬೆಂಕಿ ಕಂಡ ಮೇಲೆ ಹೊಳಪಿನ ಆ ಜಾಡಿ ಉತ್ತಮ್ ನಗರದ ಮಡಕೆಯ ಹಾಗೆ ಬೆವರುವುದಿಲ್ಲ. ಬೆವರುವುದು ನೀರಿಗೆ ಒಳ್ಳೆಯದು, ಬೆವರದ್ದು ಉಪ್ಪಿನಕಾಯಿಗೆ ಒಳ್ಳೆಯದು. ಅಪ್ಪನ ತೀರ್ಪು: "ಇದು ಮಣ್ಣಲ್ಲ, ಹಿಟ್ಟು."

ಜೈಪುರದ ನೀಲಿ ಪಾತ್ರೆಗಳ ಸಂಗತಿ ಇನ್ನೂ ವಿಚಿತ್ರ. ಅದರಲ್ಲಿ ಕುಂಬಾರನ ಜೇಡಿಮಣ್ಣೇ ಇಲ್ಲ. ಬಿಳಿಕಲ್ಲಿನ ಪುಡಿ, ಗಾಜಿನ ಪುಡಿ, ಒಂದಿಷ್ಟು ಮುಲ್ತಾನಿ ಮಿಟ್ಟಿ, ಬಿಳಿಗಾರ, ಅಂಟು—ಇವನ್ನು ಚಪಾತಿ ಹಿಟ್ಟಿನಂತೆ ನಾದಿ, ತಟ್ಟಿ, ಅಚ್ಚಿಗೆ ಒತ್ತುತ್ತಾರೆ. ನೀಲಿಗೆ ಕೋಬಾಲ್ಟು, ನವಿಲುಬಣ್ಣಕ್ಕೆ ತಾಮ್ರ. ಕೈಬಿಟ್ಟುಹೋಗುತ್ತಿದ್ದ ಈ ವಿದ್ಯೆಗೆ ಮತ್ತೆ ಜೀವ ಕೊಟ್ಟವರಲ್ಲಿ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಮುಖ್ಯರು; 1974ರಲ್ಲಿ ಪದ್ಮಶ್ರೀ ಪಡೆದ ಅವರು 2008ರಲ್ಲಿ ತೀರಿಕೊಂಡರು. ಪೇಟೆಯ ಅಂಗಡಿಗಳನ್ನು ದಾಟಿ ಸಾಂಗಾನೇರಿನ ಕಡೆ ಹೋದರೆ ಕೆಲಸ ನೋಡಸಿಗುತ್ತದೆ. ಅಪ್ಪ ಆ ಪುಡಿಯನ್ನು ಕೈಯಲ್ಲಿ ಹಿಡಿದು, "ಮಣ್ಣಿಲ್ದ ಗಡಿಗಿ? ಇದು ಮಾಟ" ಎಂದು ಸೀಸೆಯ ಮುಚ್ಚಳ ಹಾಕಿಬಿಟ್ಟರು.

ಇನ್ನು ಮೊಲೇಲಾ. ನಾಥದ್ವಾರದ ಶ್ರೀನಾಥಜಿಯ ದರ್ಶನ ನಮ್ಮ ಮನೆಯವರಿಗೆ, ಅಲ್ಲಿಗೆ ಹತ್ತಿರದ ಮೊಲೇಲಾ ನನಗೆ ಎಂದು ಒಪ್ಪಂದವಾಗಿತ್ತು. ಆ ಹಳ್ಳಿಯ ಕುಂಬಾರರು ಮಣ್ಣಿನ ಹಲಗೆಯ ಮೇಲೆ ಕುದುರೆಯೇರಿದ ದೇವನಾರಾಯಣ, ನಾಗದೇವತೆ ಮುಂತಾದ ದೇವರುಗಳನ್ನು ಅಚ್ಚಿಲ್ಲದೆ ಬರೀ ಕೈಯಲ್ಲೇ ಉಬ್ಬಿಸಿ ಮೂಡಿಸುತ್ತಾರೆ. ಮೇವಾಡದ ಹಳ್ಳಿಗಳವರೂ ಮಧ್ಯಪ್ರದೇಶದ ಭಕ್ತರೂ ಅಲ್ಲಿಗೆ ಬಂದು ಹೊಸ ದೇವರನ್ನು ಕೊಂಡು, ತಮ್ಮೂರ ಗುಡಿಗೆ ಒಯ್ಯುತ್ತಾರೆ. ನಾನು ತಂದ ಮಣ್ಣನ್ನು ಅಪ್ಪ ಹೊಸಕಲಿಲ್ಲ, ಮೂಗಿಗೆ ಹಿಡಿದರು. "ಕತ್ತಿ ಲದ್ದಿ ಹಾಕ್ಯಾರ. ಬಿರುಕು ಬಿಡಬಾರ್ದಂತ" ಎಂದರು. ಸರಿಯಾಗಿತ್ತು! ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಹಿಮಾಚಲದ ಕಾಂಗ್ಡಾ ಕಣಿವೆಯ ಅಂದ್ರೇಟಾ ಬೇರೆಯೇ ಬಗೆಯದು. ಜಪಾನಿನಲ್ಲಿ ಕಲಿತು ಬಂದು 1952ರಲ್ಲಿ 'ದೆಹಲಿ ಬ್ಲೂ ಪಾಟರಿ' ಕಟ್ಟಿದ ಸರ್ದಾರ್ ಗುರುಚರಣ್ ಸಿಂಗರ ನಂಟು ಆ ಊರಿಗಿದೆ. ಅವರ ಮಗ ಸೊಸೆ 1983ರಲ್ಲಿ ಅಲ್ಲಿ ಕುಂಬಾರಿಕೆಯ ಶಾಲೆ ತೆರೆದರು. ಹುಟ್ಟಿನಿಂದ ಕುಂಬಾರರಲ್ಲದವರು ಇಷ್ಟಪಟ್ಟು ಕಲಿಯಲು ಬರುವ ಜಾಗ. ಅಂಥಲ್ಲಿ ನನ್ನ ಮಗಳು ತಿಗರಿಯ ಮುಂದೆ ಕೂತಳು. ನಮ್ಮ ಅವ್ವ ಮಣ್ಣು ತುಳಿದವಳು, ಹೊತ್ತವಳು, ಆವಿಗೆ ಕಾಯ್ದವಳು, ಸಂತೆಯಲ್ಲಿ ಮಾರಿದವಳು. ತಿಗರಿಯನ್ನು ಮಾತ್ರ ಮುಟ್ಟಿದವಳಲ್ಲ. ಹೆಂಗಸರು ತಿಗರಿ ತಿರುಗಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಮಗಳ ಕೈಯಲ್ಲಿ ಒಂದು ಸೊಟ್ಟ ಬಟ್ಟಲು ಎದ್ದಿತು. ಒಣಗಿಸಿ ಸುಡಲು ದಿನಗಳು ಬೇಕು, ನಮ್ಮ ರೈಲು ಮರುದಿನ. ಹಸಿಯಾಗಿಯೇ ಹತ್ತಿಯಲ್ಲಿ ಸುತ್ತಿ ತಂದಳು. ಊರಿನಲ್ಲಿ ಅದನ್ನು ನೋಡಿದ ಅಪ್ಪ ತೀರ್ಪು ಕೊಡಲಿಲ್ಲ. ಅವ್ವನನ್ನು ಕರೆದು ತೋರಿಸಿದರು. ಆಮೇಲೆ ಹಿತ್ತಲಲ್ಲಿ ಬೆರಣಿ ಒಟ್ಟಿ, ಅದೊಂದೇ ಬಟ್ಟಲಿಗಾಗಿ ಸಂಜೆಯಿಂದ ಬೆಳಗಿನವರೆಗೆ ಸಣ್ಣ ಉರಿ ಕಾಯ್ದರು. ಒಂದು ಕಡೆ ಕಪ್ಪಾಗಿ, ಒಂದು ಕಡೆ ಕೆಂಪಾಗಿ ಬಂತು. ಈಗ ಅವ್ವನ ಎಲೆ ಅಡಿಕೆ ಅದರಲ್ಲೇ.

ಹೀಗೆ ಹೋಗುವವರು ಕೆಲವು ಸಂಗತಿ ನೆನಪಿಡಬೇಕು. ಮಳೆಗಾಲ ಬೇಡ, ಮಡಕೆ ಒಣಗುವುದಿಲ್ಲವಾಗಿ ಕೆಲಸವೇ ಮಂದ. ದೀಪಾವಳಿಗೆ ಮುಂಚಿನ ತಿಂಗಳಿನಲ್ಲಿ ಹಣತೆಯ ಭರಾಟೆ. ನೋಡಲು ಚೆನ್ನ, ಆದರೆ ಅವರಿಗೆ ಮಾತಾಡಲು ಪುರಸೊತ್ತಿರುವುದಿಲ್ಲ. ಬೆಳಿಗ್ಗೆ ಬೇಗ ಹೋದರೆ ತಿಗರಿಯ ಕೆಲಸ ಸಿಗುತ್ತದೆ. ತಿಗರಿ ಅವರಿಗೆ ಪೂಜೆಯ ವಸ್ತು, ಚಪ್ಪಲಿ ದೂರ ಬಿಡಿ. ಹಸಿಮಡಕೆಯನ್ನು ಮುಟ್ಟಬೇಡಿ, ನಿಮ್ಮ ಒಂದು ಬೆರಳಿನ ಗುರುತು ಅವರ ಒಂದು ಮಡಕೆಯ ಬೆಲೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಗಂಟೆಗಟ್ಟಲೆ ಕೆಲಸ ನೋಡಿ, ಕಡೆಗೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಏನಾದರೂ ಒಂದನ್ನು ಕೊಂಡುಕೊಳ್ಳಿ, ಒಳಗೆ ಬಟ್ಟೆ ತುರುಕಿ, ರೈಲಿನಲ್ಲಿ ಕೈಯಲ್ಲೇ ಹಿಡಿದು ತನ್ನಿ.

ಈ ತಿರುಗಾಟದಲ್ಲಿ ನಾನು ಕಂಡುಕೊಂಡದ್ದು ಇಷ್ಟೇ. ಕಸುಬು ಉಳಿದಿರುವುದು ಅದರಿಂದ ಯಾರಿಗೋ ದಿನನಿತ್ಯದ ಕೆಲಸ ಆಗಬೇಕಾಗಿರುವ ಕಡೆ: ದಿಲ್ಲಿಯ ತಣ್ಣೀರು, ಮೇವಾಡದ ದೇವರು, ಖುರ್ಜಾದ ಉಪ್ಪಿನಕಾಯಿ. ನಮ್ಮೂರಿನಲ್ಲಿ ಆ ಕೆಲಸ ತಪ್ಪಿಹೋಯಿತು. ಅಪ್ಪನ ಕೈ ಸೋಲಲಿಲ್ಲ. ಇದನ್ನು ಅವರು ತಮ್ಮ ಕಣ್ಣಾರೆ ನೋಡಿ ಹೋದದ್ದು ಉತ್ತಮ್ ನಗರದಲ್ಲಿ. ಮಕ್ಕಳು ಮತ್ತೆ ತಿಗರಿ ಹಿಡಿಯಲಿ ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅಜ್ಜನ ಕೈಗೆ ಏನು ಬರುತ್ತಿತ್ತೆಂಬುದು ಮೊಮ್ಮಗಳಿಗೆ ತಿಳಿದಿರಲಿ.

ನಮ್ಮ ಸಂಘದಲ್ಲಿ ನೇಕಾರರ ಮಕ್ಕಳಿದ್ದೀರಿ, ಬಡಿಗರ ಮಕ್ಕಳಿದ್ದೀರಿ, ಅಕ್ಕಸಾಲಿಗರ, ಕಮ್ಮಾರರ, ಗಾಣಿಗರ ಮಕ್ಕಳಿದ್ದೀರಿ. ಊರಿನಿಂದ ಹಿರಿಯರು ಬಂದಾಗ ಕೆಂಪು ಕೋಟೆ ತೋರಿಸಿರಿ, ಬೇಡವೆನ್ನುವುದಿಲ್ಲ. ಅದರ ಮರುದಿನ ಈ ನಗರದಲ್ಲಿ ಅವರ ಕಸುಬಿನವರು ಇರುವ ಗಲ್ಲಿ ಯಾವುದೆಂದು ವಿಚಾರಿಸಿ, ಅಲ್ಲಿಗೂ ಒಮ್ಮೆ ಕರೆದೊಯ್ಯಿರಿ. ಭಾಷೆ ಬಾರದೆಂಬ ಚಿಂತೆ ಬೇಡ. ಮುಂಬಯಿ, ಪುಣೆ, ಹೈದರಾಬಾದು, ಮದ್ರಾಸಿನ ಕಡೆಯ ಓದುಗರು ತಮಗೆ ಗೊತ್ತಿರುವ ಕುಂಬಾರಗೇರಿಗಳ ವಿಳಾಸವನ್ನು ಈ ಪತ್ರಿಕೆಗೆ ಬರೆದು ಕಳುಹಿಸಿದರೆ ನಾನಂತೂ ಹೋಗಿಬರುತ್ತೇನೆ. ಊರ ಮನೆಯ ಪಡಸಾಲೆಯ ಮಾಡದಲ್ಲಿ ಅಪ್ಪ ಸಾಲಾಗಿ ಇಟ್ಟುಕೊಂಡ ಸೀಸೆಗಳು ಈಗ ಹನ್ನೊಂದಾಗಿವೆ. ಇನ್ನೂ ಜಾಗವಿದೆ.